ಅಂಗೈ ಅಗಲದ ಒದ್ದೆ

ಆ ಏಪ್ರಿಲ್‌ನಲ್ಲಿ ನಮ್ಮ ಕ್ಯಾಶುಯಲ್ಟಿಗೆ ಬಂದವರಲ್ಲಿ ಅರ್ಧಕ್ಕರ್ಧ ಜನ ವಾಂತಿಭೇದಿಯವರೇ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ಅದು. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು, ಟ್ಯಾಂಕರಿನಲ್ಲಿ ಬರುವ ನೀರು ಎಲ್ಲಿಯದೋ ಆ ದೇವರಿಗೇ ಗೊತ್ತು. ಶಿವಾಜಿನಗರ ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದ ಹಳೆಯ ಆಸ್ಪತ್ರೆ ನಮ್ಮದು. ನಾನು ಅಲ್ಲಿ ಸ್ಟಾಫ್ ನರ್ಸ್. ವಿಮಾನಪುರದ ಮನೆಯಿಂದ ಬಸ್ಸು ಹಿಡಿದು ಏಳೂವರೆಗೆ ಡ್ಯೂಟಿಗೆ ನಿಂತರೆ ಎರಡು ಗಂಟೆಗೆ ಬಿಡುಗಡೆ, ಅದೂ ಮಧ್ಯಾಹ್ನದ ಸಿಸ್ಟರ್ ಹೊತ್ತಿಗೆ ಸರಿಯಾಗಿ ಬಂದರೆ. ಆ ವಾರ ಅವಳ ಮಗುವಿಗೂ ಭೇದಿ. ಹಾಗಾಗಿ ನಾನೇ ಸಂಜೆವರೆಗೂ ಎಳೆಯುತ್ತಿದ್ದೆ. ನನಗೆ ಮೊದಲೇ ಸಿಟ್ಟು ಬೇಗ ಬರುತ್ತದೆ, ಆ ವಾರವಂತೂ ಮೂಗಿನ ತುದಿಯಲ್ಲೇ ಇತ್ತು.

ಈ ಅಜ್ಜಿಯನ್ನು ಒಂದು ದಿನ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಆಟೋದಿಂದ ಎತ್ತಿಕೊಂಡು ಬಂದವಳು ಅವಳ ಮಗಳು. ಸೀರೆಯ ಮೇಲೆ ಗಂಡಸರ ಅಂಗಿ, ಅಂಗಿಯ ತುಂಬ ಸಿಮೆಂಟು. ಗುಲ್ಬರ್ಗ ಕಡೆಯವರು. ಲಿಂಗರಾಜಪುರದ ಒಂದು ವಠಾರದಲ್ಲಿ ಒಂಟಿ ಕೋಣೆ ಬಾಡಿಗೆಗೆ ಹಿಡಿದಿದ್ದರು. ಕುಕ್ ಟೌನಿನಲ್ಲಿ ಹಳೇ ಬಂಗಲೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಕಡೆ ಮಗಳು, ಅಳಿಯ ಇಬ್ಬರಿಗೂ ಗಾರೆ ಕೆಲಸ. ಅಜ್ಜಿ ಸುಮ್ಮನೆ ಕೂರುವವಳಲ್ಲ. ತಮ್ಮ ಕಡೆಯಿಂದಲೇ ಬಂದ ಮೂವತ್ತು ಜನ ಕೂಲಿಯಾಳುಗಳಿಗೆ ದಿನಾ ಜೋಳದ ರೊಟ್ಟಿ ಬಡಿದು ಕಟ್ಟಿಕೊಡುತ್ತಿದ್ದಳು. ಎರಡು ದಿನದಿಂದ ಭೇದಿ ನಿಲ್ಲದೆ, ಮೂರನೇ ದಿನ ಹಂಚಿನ ಮುಂದೆಯೇ ಒರಗಿಬಿಟ್ಟಿದ್ದಳು.

ಕಾಲು ತಣ್ಣಗಿತ್ತು. ನಾಡಿ ಬೆರಳಿಗೆ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ನರಗಳೆಲ್ಲ ಒಳಗೆ ಸೇರಿಕೊಂಡಿದ್ದವು, ಮೂರನೇ ಸಲ ಚುಚ್ಚಿದಾಗ ಡ್ರಿಪ್ ಹತ್ತಿತು. ಮೊದಲ ಬಾಟಲಿ ಪೂರ್ತಿ ಬಿಟ್ಟು ಓಡಿಸಿದೆ. ಅದು ಮುಗಿಯುವ ಹೊತ್ತಿಗೆ ಅಜ್ಜಿ ಕಣ್ಣು ಬಿಟ್ಟಳು. ನನ್ನನ್ನೂ ತನ್ನ ಕೈಯನ್ನೂ ಒಂದು ಸಲ ನೋಡಿದಳು.

"ಚುಚ್ಚಿ ಚುಚ್ಚಿ ಕೈನ ಜರಡಿ ಮಾಡಿ ಇಟ್ಟಿ ಬಿಡು ತಂಗಿ," ಅಂದಳು.

ನನಗೆ ನಗು ಬಂತು. "ಜೀವ ಬಂತಲ್ಲ ಅಜ್ಜಿ, ಅದಕ್ಕೆ ಬೈತಿದ್ದೀಯ," ಅಂದೆ.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ಹೊತ್ತಿಗೆ ಅಜ್ಜಿಯ ತಲೆ ನನ್ನ ತಲೆಯಷ್ಟೇ ನೆಟ್ಟಗಿತ್ತು. ಊರು ಯಾವುದು, ಮಗಳ ಹೆಸರೇನು, ಅಳಿಯ ಎಷ್ಟು ಕುಡಿಯುತ್ತಾನೆ, ಎಲ್ಲ ಕೇಳದೆಯೇ ಹೇಳಿದಳು.

ಎರಡನೇ ಬಾಟಲಿ ಅರ್ಧಕ್ಕೆ ಬಂದಾಗ ನಡುಕ ಶುರುವಾಯಿತು. ಡ್ರಿಪ್ ಹಾಕಿದಾಗ ಕೆಲವರಿಗೆ ಹೀಗೆ ಚಳಿ ಹತ್ತುವುದುಂಟು. ನಮ್ಮಲ್ಲಿ ಅದಕ್ಕೊಂದು ರೂಢಿ ಇತ್ತು. ಅಲರ್ಜಿಗೆ ಕೊಡುವ ಇಂಜೆಕ್ಷನ್ನನ್ನು ನರಕ್ಕೆ ಕೊಟ್ಟುಬಿಡುವುದು. ಡಾಕ್ಟರು ಒಂದು ಸಲಕ್ಕೆ ಅಂತ ಬರೆದಿರುತ್ತಾರೆ, ನಾವು ಯಾವುದಕ್ಕೂ ಇರಲಿ ಅಂತ ಪ್ರತಿ ಬಾಟಲಿಯ ಜೊತೆಗೂ ಒಂದೊಂದು ಕೊಡುತ್ತಿದ್ದೆವು. ಯಾರೂ ಬೇಡ ಅಂದವರಿಲ್ಲ, ನಡುಕ ಬಂದು ಗಲಾಟೆ ಆಗುವುದಕ್ಕಿಂತ ಮೇಲು. ಜೊತೆಗೆ ಹೊಟ್ಟೆ ನುಲಿತಕ್ಕೆ ಇನ್ನೊಂದು ಇಂಜೆಕ್ಷನ್ನು, ದಿನಕ್ಕೆ ಮೂರು ಸಲ. ಅಜ್ಜಿಗೂ ಎರಡನ್ನೂ ಕೊಟ್ಟೆ. ಇಪ್ಪತ್ತರ ಹುಡುಗನಿಗೆ ಇವೆರಡರಿಂದ ಬಾಯಿ ಒಣಗುತ್ತದೆ, ಅಷ್ಟೇ. ಎಪ್ಪತ್ತರ ಅಜ್ಜಿಗೆ ಏನಾಗುತ್ತದೆ ಎಂದು ನಮಗೆ ಪುಸ್ತಕದಲ್ಲಿ ಪಾಠವಾಗಿತ್ತು. ಪರೀಕ್ಷೆ ಬರೆದು ಪಾಸೂ ಆಗಿದ್ದೆ.

ಹನ್ನೊಂದು ಗಂಟೆಗೆ ಅಜ್ಜಿ ನನ್ನ ಸೆರಗು ಹಿಡಿದು ಜಗ್ಗುವ ಹಾಗೆ ಏಪ್ರನ್ನು ಹಿಡಿದು ಜಗ್ಗಿದಳು. "ನನ್ನ ಎಬ್ಬಸು ತಂಗಿ. ಒಂದಕ್ಕ ಹೋಗಿ ಬರ್ತೀನಿ."

ವಾರ್ಡಿನ ಆಯಮ್ಮನಿಗೆ ಹೇಳಿ ಬೆಡ್‌ಪ್ಯಾನ್ ತರಿಸಿದೆ. ಅಜ್ಜಿ ಅದನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಇದರಾಗ? ಮಕ್ಕೊಳ್ಳೋ ಹಾಸಿಗಿ ಮ್ಯಾಗ? ಬಾಜೂಕ ಗಂಡಸ್ರು ಮಕ್ಕೊಂಡಾರಲ್ಲೇ!"

"ಬಿಪಿ ಇಳಿದಿದೆ ಅಜ್ಜಿ. ಎದ್ರೆ ತಲೆ ತಿರುಗಿ ಬಿದ್ದು ಸೊಂಟ ಮುರ್ಕೋತೀಯ. ಸ್ಕ್ರೀನ್ ಅಡ್ಡ ಇಡ್ತಾರೆ, ಇಲ್ಲೇ ಮಾಡು."

"ಒಲ್ಲೆ. ಸಾಯ್ತೀನಿ ಖರೆ, ಇಲ್ಲಿ ಒಲ್ಲೆ."

ನಮ್ಮ ಸ್ಕ್ರೀನಿನ ಮೂರು ಬಟ್ಟೆಗಳಲ್ಲಿ ಒಂದು ಹರಿದುಹೋಗಿತ್ತು, ಆ ಸಂದಿಯಿಂದ ಪಕ್ಕದ ಮಂಚದ ಗಂಡಸು ಕಾಣುತ್ತಿದ್ದ. ಅಜ್ಜಿ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಅಷ್ಟರಲ್ಲಿ ಸ್ಕೂಟರ್ ಅಪಘಾತದವನನ್ನು ಹೊತ್ತು ತಂದರು, ನಾನು "ಒಲ್ಲೆ ಅಂದ್ರೆ ನಿನಗೇ ಕಷ್ಟ" ಅಂತ ಗದರಿ ಅತ್ತ ಓಡಿದೆ.

ಭೇದಿಯಾಗಿ ನೀರೆಲ್ಲ ಬಸಿದುಹೋದವರಲ್ಲಿ ನಾವು ಚಾತಕಪಕ್ಷಿಯ ಹಾಗೆ ಕಾಯುವುದು ಮೂತ್ರಕ್ಕೆ. ಅದು ಬಂತು ಅಂದರೆ ಕಿಡ್ನಿ ಬದುಕಿದೆ ಅಂತ ಅರ್ಥ. ಎರಡು ಗಂಟೆಗೆ ಆಯಮ್ಮ ಕೂಗಿ ಹೇಳಿದಳು, "ಸಿಸ್ಟರಮ್ಮಾ, ಪಾಟಿ ಬೆಡ್ ಒದ್ದೆ ಆಯ್ತು." ಹಲಸೂರಿನವಳು ಅವಳು, ತಮಿಳು ಬೆರೆತ ಕನ್ನಡ, ಅಜ್ಜಿ ಅವಳ ಬಾಯಲ್ಲಿ ಪಾಟಿ. ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ಹೋಗಿ ನೋಡಲೂ ಇಲ್ಲ. ಕೂತಲ್ಲಿಂದಲೇ ಚಾರ್ಟಿನಲ್ಲಿ 'ಮೂತ್ರ' ಅನ್ನುವ ಕಡೆ ಟಿಕ್ ಹಾಕಿ ಸಹಿ ಮಾಡಿದೆ.

ಐದು ಗಂಟೆಯ ಹೊತ್ತಿಗೆ ಅಜ್ಜಿ ಹೊದಿಕೆಯ ಅಂಚನ್ನು ಕೀಳುತ್ತಿದ್ದಳು. ಆಮೇಲೆ ಗಾಳಿಯಲ್ಲಿ ಎರಡೂ ಅಂಗೈ ಆಡಿಸತೊಡಗಿದಳು, ತಟ್ಟುವುದು, ತಿರುಗಿಸುವುದು, ತಟ್ಟುವುದು. ರೊಟ್ಟಿ. ಹೆಸರು ಹಿಡಿದು ಕೂಗಿದರೆ ನನ್ನ ಕಡೆ ತಿರುಗಿದಳು, ಆದರೆ ಆ ಕಣ್ಣಿನಲ್ಲಿ ನಾನಿರಲಿಲ್ಲ.

"ಏ ಬಿಡು! ಹಂಚು ಸುಡ್ಲಾಕತ್ತದ! ಮಂದಿ ಬಂದು ನಿಂತಾರ, ಒಂದು ರೊಟ್ಟಿ ಇಲ್ಲ!"

ಹೇಳುತ್ತಿದ್ದಂತೆಯೇ ಎದ್ದು ಕೂತು, ಕೈಯ ಸೂಜಿಯನ್ನು ಎಳೆದು ಬಿಸಾಡಿದಳು. ಗೋಡೆಗೆಲ್ಲ ರಕ್ತ. ಹಿಡಿಯಲು ಹೋದ ಆಯಮ್ಮನ ಕೆನ್ನೆಗೆ ಒಂದು ಬಾರಿಸಿದಳು. ನೋಡಿದರೆ ಹಿಡಿ ಗಾತ್ರದ ಮುದುಕಿ, ಮೂರು ಜನ ಹಿಡಿದರೂ ನಿಲ್ಲಲಿಲ್ಲ. "ನನ್ನ ಎಬ್ಬಸ್ರೆವ್ವಾ! ನನ್ನ ಎಬ್ಬಸ್ರೀ!" ಅದೊಂದೇ ಮಾತು. ಪಕ್ಕದ ಮಂಚದವರು ತಮ್ಮ ರೋಗ ಮರೆತು ಎದ್ದು ಕೂತು ನೋಡುತ್ತಿದ್ದರು.

ನಾನೇ ಕಟ್ಟಿದೆ. ಅದರಲ್ಲಿ ನನ್ನ ಕೈ ಪಳಗಿತ್ತು. ಮಣಿಕಟ್ಟಿಗೆ ಹತ್ತಿಯ ಮೆತ್ತೆ, ಅದರ ಮೇಲೆ ಬ್ಯಾಂಡೇಜು ಎಂಟರ ಆಕಾರಕ್ಕೆ ಸುತ್ತಿ, ತುದಿಯನ್ನು ಮಂಚದ ಕಬ್ಬಿಣಕ್ಕೆ ಕೆಳಗಿನಿಂದ ಗಂಟು. ನಾನು ಹಾಕಿದ ಗಂಟು ಬಿಚ್ಚಿಕೊಂಡವರಿಲ್ಲ ಅಂತ ನನಗೊಂದು ಜಂಬವೂ ಇತ್ತು. ಡ್ಯೂಟಿ ಡಾಕ್ಟರು ಬಂದು ದೂರದಿಂದಲೇ ನೋಡಿ ಮಂಪರು ಬರಿಸುವ ಇಂಜೆಕ್ಷನ್ ಬರೆದರು. ದಾವಣಗೆರೆಯ ಕಡೆಯವರು, ಒಳ್ಳೆಯ ಮನುಷ್ಯ, ಮೂವತ್ತು ದಾಟಿರಲಿಲ್ಲ, ಎರಡು ದಿನದಿಂದ ಮನೆ ಕಂಡಿರಲಿಲ್ಲ. ನಾನು ಕೊಟ್ಟೆ, ಇನ್ನೊಂದು ಕೈಗೆ ಡ್ರಿಪ್ಪನ್ನೂ ಮತ್ತೆ ಹಾಕಿದೆ. ಅಜ್ಜಿ ಸ್ವಲ್ಪ ಹೊತ್ತು ಗೊಣಗಿ ತೂಗಡಿಸಿದಳು. ಬಾಗಿಲ ಆಚೆ ಮಗಳು ಒಳಗೆ ಬಿಡಿ ಅಂತ ಅಂಗಲಾಚುತ್ತಿದ್ದಳು. ಭೇಟಿಯ ಹೊತ್ತು ಮುಗಿದಿತ್ತು, ವಾಚ್‌ಮನ್ ಬಿಡಲಿಲ್ಲ. ನಾನೂ ಬಿಡು ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಬಂದು ನೈಟ್ ಸಿಸ್ಟರ್ ಬರೆದಿಟ್ಟ ರಿಪೋರ್ಟ್ ಬುಕ್ ತೆಗೆದೆ. ಪೇಷೆಂಟ್ ರಾತ್ರಿಯಿಡೀ ಕಿರುಚಾಟ, ಇನ್ನೆರಡು ಸಲ ಮಂಪರು ಇಂಜೆಕ್ಷನ್, ಪ್ರಯೋಜನವಿಲ್ಲ. ಮೂರು ಸಲ ಹಾಸಿಗೆ ಒದ್ದೆ, ಮೂರು ಸಲವೂ ಬದಲಾಯಿಸಿದೆ. ಚಾರ್ಟಿನಲ್ಲಿ ನನ್ನ ಟಿಕ್‌ನ ಪಕ್ಕ ಇನ್ನೂ ಮೂರು ಟಿಕ್ ಸಾಲಾಗಿ ನಿಂತಿದ್ದವು. ಅಜ್ಜಿಯ ಕೂದಲು ಕೆದರಿತ್ತು, ತುಟಿ ಬಿರಿದಿತ್ತು, ನಾಲಿಗೆ ಒಣಗಿ ಚಕ್ಕೆಯಾಗಿತ್ತು. ಕಟ್ಟಿದ್ದ ಕೈಯಲ್ಲೇ ಬೆರಳುಗಳು ರೊಟ್ಟಿ ತಟ್ಟುತ್ತಿದ್ದವು.

ಭೇದಿ ನಿಂತಿತ್ತು. ಬಿಪಿ ಏರಿತ್ತು. ಜ್ವರವಿಲ್ಲ. ಸಕ್ಕರೆ ಸರಿ, ರಕ್ತದ ಉಪ್ಪಿನಂಶ ಹೆಚ್ಚುಕಡಿಮೆ ಸರಿ. ಡಾಕ್ಟರು ರಿಪೋರ್ಟುಗಳನ್ನು ಇಸ್ಪೀಟೆಲೆಯ ಹಾಗೆ ಹರಡಿಕೊಂಡು ಕೂತಿದ್ದರು.

"ದೇಹದ್ದೆಲ್ಲ ನಾರ್ಮಲ್ ಸಿಸ್ಟರ್. ಇನ್ನು ಉಳಿದಿರೋದು ತಲೆ. ಇದು ಸೈಕಿಯಾಟ್ರಿ ಕೇಸು. ಮೆಂಟಲ್ ಹಾಸ್ಪಿಟಲ್ಲಿಗೆ ಲೆಟರ್ ಬರೀತೀನಿ. ಎರಡು ಗಂಟೆಗೆ ಗಾಡಿ ಬರುತ್ತೆ. ಮಗಳ ಹತ್ರ ಸೈನ್ ಹಾಕಿಸ್ಬಿಡಿ."

ಕಾಗದ ಹಿಡಿದು ಹೊರಗೆ ಹೋದೆ. ಮಗಳು ಬೇವಿನ ಮರದ ಕಟ್ಟೆಯ ಮೇಲೆ ಅದೇ ಸಿಮೆಂಟಿನ ಅಂಗಿಯಲ್ಲಿ ಕೂತಿದ್ದಳು. ವಿಷಯ ಹೇಳುತ್ತಿದ್ದಂತೆ ನನ್ನ ಕಾಲಿಗೇ ಬಿದ್ದಳು.

"ನಮ್ಮವ್ವಗ ಹುಚ್ಚಿಲ್ರೀ ಅಕ್ಕಾರ! ಇದು ಸನ್ನಿ ಐತ್ರೀ. ಜಡ್ಡಿನ ಕೂಡ ಬಂದದ, ಜಡ್ಡಿನ ಕೂಡ ಹೋಗ್ತದ. ಹುಚ್ಚಿನ ದವಾಖಾನಿಗಿ ಒಯ್ದಾರ ಅಂತ ತಿಳದ್ರ ವಠಾರದ ಓನರಮ್ಮ ಒಳಗ ಬಿಡಂಗಿಲ್ರೀ. ಬಿಟ್ರೂ ಆಮ್ಯಾಲ ಆಕಿ ಕೈಯಾಗಿನ ರೊಟ್ಟಿ ಯಾರು ಮುಟ್ತಾರ್ರೀ? ಅದೊಂದು ತಪ್ಪಿತಂದ್ರ ಆಕಿ ಉಳಿಯಂಗಿಲ್ಲ. ನಾ ಸಹಿ ಮಾಡಂಗಿಲ್ಲ."

"ನೋಡಮ್ಮ, ವಯಸ್ಸಾದವರಿಗೆ ಒಮ್ಮೊಮ್ಮೆ ಹೀಗಾಗತ್ತೆ. ಅಲ್ಲಿ ಅದಕ್ಕೇ ಅಂತ ಡಾಕ್ಟ್ರಿದ್ದಾರೆ," ಅಂದೆ. ಹೇಳುವಾಗ ನನ್ನ ದನಿ ನನಗೇ ಹಿಡಿಸಲಿಲ್ಲ. ಸನ್ನಿ ಅನ್ನುವ ಮಾತು ಕೇಳಿ ಎಷ್ಟೋ ವರ್ಷವಾಗಿತ್ತು. ನಮ್ಮಮ್ಮ ಹೇಳುತ್ತಿದ್ದ ಮಾತು ಅದು. ಜ್ವರದಲ್ಲಿ ಯಾರಾದರೂ ಬಡಬಡಿಸಿದರೆ 'ಸನ್ನಿ ಹಿಡಿದಿದೆ' ಅನ್ನುತ್ತಿದ್ದಳೇ ಹೊರತು ಹುಚ್ಚು ಅಂತ ಎಂದೂ ಅಂದವಳಲ್ಲ. ಸಹಿ ಇಲ್ಲದ ಕಾಗದ ಹಿಡಿದೇ ಒಳಗೆ ಬಂದೆ.

ಹನ್ನೆರಡೂವರೆ ಆಗಿತ್ತು. ಆಯಮ್ಮ ಅಜ್ಜಿಯ ಹಾಸಿಗೆ ಮತ್ತೆ ಬದಲಾಯಿಸುತ್ತಿದ್ದಳು. ರಾತ್ರಿ ಡ್ಯೂಟಿಯೂ ಅವಳದೇ ಆಗಿತ್ತು, ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಕೆನ್ನೆಯ ಮೇಲೆ ಅಜ್ಜಿಯ ಬೆರಳ ಗುರುತಿತ್ತು. ಆದರೂ "ಪಾವಂ, ಪಾವಂ" ಅಂತ ತನ್ನ ತಮಿಳಿನಲ್ಲಿ ಮರುಗುತ್ತಲೇ ಹಾಸಿಗೆ ಎಳೆಯುತ್ತಿದ್ದಳು.

"ಏನು ಸಿಸ್ಟರಮ್ಮಾ ಇದು? ರಾತ್ರಿಯಿಂದ ನಾಲಕ್ ಸಲ ಬೆಡ್‌ಶೀಟ್ ತೆಗೆದೆ. ನಾಲಕ್ ಸಲನೂ ಇಷ್ಟೇ ಇಷ್ಟು ಒದ್ದೆ." ಅವಳು ತನ್ನ ಅಂಗೈ ತೋರಿಸಿದಳು.

"ಒದ್ದೆ ಒದ್ದೆನೇ ಅಲ್ವಾ, ಅದಕ್ಕೇನೀಗ?" ಅಂತ ರೇಗಿದೆ.

"ಅಲ್ಲಾ, ನಿನ್ನೆಯಿಂದ ಆರು ಬಾಟ್ಲಿ ಹೋಯ್ತಲ್ಲ ಒಳಗೆ. ಭೇದಿನೂ ನಿಂತೋಯ್ತು. ಬೆವರೂ ಇಲ್ಲ. ಅದೆಲ್ಲ ಎಲ್ಲಿ ಹೋಯ್ತು?"

ನಾನು ಅಲ್ಲೇ ನಿಂತೆ. ಓದಿದ್ದು ನಾನು, ಡಿಪ್ಲೊಮಾ ನನ್ನದು. ಕೇಳಬೇಕಾದ ಪ್ರಶ್ನೆ ಕೇಳಿದವಳು ಆಯಮ್ಮ.

ಅಜ್ಜಿಯ ಹತ್ತಿರ ಹೋಗಿ ಮಂಚದ ಪಕ್ಕ ಬಗ್ಗಿದೆ. ಹಿಂದಿನ ದಿನದಿಂದ ಡಾಕ್ಟರು ಎರಡು ಸಲ ಹೊಟ್ಟೆ ಮುಟ್ಟಿ ನೋಡಿದ್ದರು, ಆದರೆ ಸೀರೆಯ ಗಂಟಿನವರೆಗೆ ಮಾತ್ರ. ಗಂಡು ಡಾಕ್ಟರಲ್ಲವೆ, ಮುದುಕಿಯ ಸೀರೆಯ ಗಂಟು ಸಡಿಲಿಸುವುದು ನಮ್ಮಲ್ಲಿ ಯಾರೂ ಮಾಡುವುದಿಲ್ಲ. ಅದಕ್ಕೇ ನಾವು ನರ್ಸುಗಳಿರುವುದು, ನಾವೂ ಮಾಡಿರಲಿಲ್ಲ. ಆ ಗಂಟು ಸಡಿಲಿಸಿ ಹೊಕ್ಕುಳ ಕೆಳಗೆ ಅಂಗೈ ಇಟ್ಟೆ. ಬಿಂದಿಗೆಯ ಹಾಗೆ ಗಟ್ಟಿಯಾಗಿ, ದುಂಡಗೆ, ಹೊಕ್ಕುಳವರೆಗೂ ಏರಿ ನಿಂತಿತ್ತು. ಮೆಲ್ಲಗೆ ಒತ್ತಿದೆ. ಅಜ್ಜಿ ನರಳಿ, ಅಷ್ಟು ಹೊತ್ತಿನಲ್ಲಿ ಮೊದಲ ಸಲ ನನ್ನ ಮುಖವನ್ನೇ ನೋಡಿದಳು. ಮಂಚದ ಮೇಲೆ ಇನ್ನೊಂದು ಅಂಗೈ ಅಗಲ ಒದ್ದೆಯಾಯಿತು.

ಅದು ಮೂತ್ರ ಹೋಗುತ್ತಿದ್ದದ್ದಲ್ಲ. ತುಂಬಿ ತುಳುಕಿ ಸೋರುತ್ತಿದ್ದದ್ದು. ಮೊದಲು ಅವಳೇ ಹಟ ಹಿಡಿದು ತಡೆದಿದ್ದಳು. ಆಮೇಲೆ ನಮ್ಮ ಇಂಜೆಕ್ಷನ್ನುಗಳು ಒಂದರ ಮೇಲೊಂದು ಬಿದ್ದು, ಅವಳು ಬಿಡಬೇಕೆಂದರೂ ಬಿಡಲಾಗದ ಹಾಗೆ ಮಾಡಿದ್ದವು. ಬಿಗಿದು ಒಡೆಯುವಂತಾದ ಮೂತ್ರಕೋಶ ಹೊತ್ತು, ಅದೇ ಇಂಜೆಕ್ಷನ್ನುಗಳು ತಲೆಗೂ ಏರಿ, ಕೈ ಕಟ್ಟಿಸಿಕೊಂಡು ಇಡೀ ರಾತ್ರಿ ಮಲಗಿದ್ದಳು. ಎಬ್ಬಿಸಿರೆಂದು ಕೂಗಿದ್ದಳು. ನಾವು ಸುಮ್ಮನಿರಿಸಲು ಕೊಟ್ಟ ಮಂಪರಿನ ಔಷಧವೂ ಅದೇ ಜಾತಿಯದು.

ಅಷ್ಟರಲ್ಲಿ ಡಾಕ್ಟರು ಬಂದು ಗಾಡಿಯಲ್ಲಿ ಗಲಾಟೆ ಮಾಡದಿರಲಿ ಅಂತ ಇನ್ನೊಂದು ಮಂಪರು ಇಂಜೆಕ್ಷನ್ ಬರೆದು ನನ್ನ ಕೈಗಿಟ್ಟರು.

"ನಾನು ಕೊಡಲ್ಲ ಡಾಕ್ಟ್ರೇ," ಅಂದೆ.

"ಏನಂದ್ರಿ?"

"ಕೊಡಲ್ಲ. ಅಜ್ಜಿಗೆ ಮೂತ್ರ ಕಟ್ಟಿಕೊಂಡಿದೆ. ಹೊಕ್ಕುಳವರೆಗೂ ಬಂದಿದೆ. ಮುಟ್ಟಿ ನೋಡಿ."

ಅವರಿಗೂ ಸಿಟ್ಟು ಬಂತು. ಎರಡು ದಿನ ನಿದ್ದೆ ಇಲ್ಲದ ಮನುಷ್ಯನಿಗೆ ನರ್ಸೊಬ್ಬಳು ವಾರ್ಡಿನ ಮಧ್ಯೆ ನಿಂತು ಕೊಡಲ್ಲ ಅಂದರೆ ಇನ್ನೇನು ಬರುತ್ತದೆ? ಚಾರ್ಟು ಎಳೆದುಕೊಂಡು ಬೆರಳಿಟ್ಟು ತೋರಿಸಿದರು. "ಏನ್ರೀ ಸಿಸ್ಟರ್ ತಮಾಷೆ? ಇಲ್ಲಿ ಒಂದಲ್ಲ ಎರಡಲ್ಲ, ನಾಲ್ಕು ಟಿಕ್ ಇದೆ. ಪಾಸ್ ಮಾಡ್ತಿದ್ದಾರೆ ಅಂತ ತಾನೇ ಇದರ ಅರ್ಥ? ಈ ಮೊದಲನೇದು ಯಾರ ಸಹಿ?"

ಇಡೀ ಕ್ಯಾಶುಯಲ್ಟಿ ಕೇಳುತ್ತಿತ್ತು. ಸ್ಕೂಟರಿನವನು ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು ನನ್ನನ್ನೇ ನೋಡುತ್ತಿದ್ದ. ಒದ್ದೆಯಾಗಿತ್ತಲ್ಲ ಅದಕ್ಕೆ ಹಾಕಿದೆ ಅನ್ನಬಹುದಿತ್ತು. ಆಯಮ್ಮ ಹೇಳಿದಳು ಅಂತ ಅವಳ ತಲೆಗೂ ಕಟ್ಟಬಹುದಿತ್ತು. ಅವಳು ಅಲ್ಲೇ ಬಕೆಟ್ ಹಿಡಿದು ನಿಂತಿದ್ದಳು.

"ನನ್ನದೇ. ನೋಡದೆ ಬರೆದೆ. ಮಿಕ್ಕವರು ಅದನ್ನ ನೋಡಿ ಬರೆದರು. ತಪ್ಪಾಗಿದೆ," ಅಂದೆ.

ಡಾಕ್ಟರು ಚಾರ್ಟನ್ನು ಮಂಚದ ಮೇಲಿಟ್ಟರು. ಆಮೇಲೆ ಕೈತೊಳೆದುಕೊಂಡು ಬಂದು, ಅಜ್ಜಿಯ ಹೊಟ್ಟೆಯ ಮೇಲೆ ನಾನು ತೋರಿಸಿದ ಕಡೆ ಕೈಯಿಟ್ಟರು. ಅವರ ಮುಖದ ಬಣ್ಣ ಇಳಿಯಿತು. "ಕ್ಯಾಥೆಟರ್ ಹಾಕಿ, ಬೇಗ," ಅಂದರು.

ಹೊರಗೆ ಹೋಗಿ ಮಗಳನ್ನು ಕರೆದೆ. ವಾಚ್‌ಮನ್ ಅಡ್ಡ ಬಂದ, ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಹರಿದ ಸ್ಕ್ರೀನು ಬೇಡವೆಂದು ಆಯಮ್ಮ ಎರಡು ಬೆಡ್‌ಶೀಟುಗಳನ್ನು ಡ್ರಿಪ್ ಸ್ಟ್ಯಾಂಡುಗಳಿಗೆ ಕಟ್ಟಿ ಸುತ್ತಲೂ ಮರೆ ಮಾಡಿದಳು. ನಾನು ಕತ್ತರಿ ತಂದು ಅಜ್ಜಿಯ ಕೈಗಳ ಬ್ಯಾಂಡೇಜು ಕತ್ತರಿಸಿದೆ. ಮೆತ್ತೆ ಇಟ್ಟಿದ್ದರೂ ಎಳೆದಾಡಿ ಮಣಿಕಟ್ಟಿನ ಚರ್ಮ ಸುಲಿದಿತ್ತು. ಮಗಳು ಆ ಕೈಗಳನ್ನು ತನ್ನ ಎದೆಗೆ ಒತ್ತಿಕೊಂಡು, ಅವಳ ಕಿವಿಯಲ್ಲಿ ಏನೇನೋ ಹೇಳುತ್ತ ಕೂತಳು. ಕ್ಯಾಥೆಟರ್ ಟ್ಯೂಬು ಒಳಗೆ ಹೋಗುತ್ತಿದ್ದಂತೆ ಮೂತ್ರ ಬಂತು ನೋಡಿ, ನಿಲ್ಲುವ ಮಾತೇ ಇಲ್ಲ. ಒಂದೇ ಸಲಕ್ಕೆ ಪೂರ್ತಿ ಬಿಡಬಾರದೆಂದು ಆಗ ನಮಗೆ ಕಲಿಸಿದ್ದರು, ನಡುನಡುವೆ ಕ್ಲ್ಯಾಂಪ್ ಹಾಕಿ ನಿಲ್ಲಿಸಿ ಬಿಡುತ್ತ ಹೋದೆ. ಚೀಲದ ಮೇಲೆ ಒಂದು ಲೀಟರಿನ ಗೆರೆ ದಾಟಿದರೂ ಇನ್ನೂ ಬರುತ್ತಲೇ ಇತ್ತು. ಅಜ್ಜಿ ಉಸಿರನ್ನು ಉದ್ದಕ್ಕೆ ಬಿಟ್ಟಳು. ಆಯಮ್ಮ ಚೀಲ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡಳು.

ಇಲ್ಲಿಗೆ ಎಲ್ಲ ಸರಿಹೋಯಿತು ಅಂತ ನಾನೂ ಅಂದುಕೊಂಡಿದ್ದೆ. ಸರಿಹೋಗಲಿಲ್ಲ. ಅಜ್ಜಿ ಅರ್ಧ ಗಂಟೆ ನಿದ್ದೆ ಮಾಡಿ ಎದ್ದಳು, ಎದ್ದವಳೇ ಮಗಳನ್ನು ನೋಡಿ "ನೀ ಯಾರವ್ವಾ?" ಅಂದಳು. ಆ ಹುಡುಗಿ ಬಾಯಿಗೆ ಸೆರಗು ತುರುಕಿಕೊಂಡಳು. ಅಷ್ಟರಲ್ಲಿ ಎರಡು ಗಂಟೆಯ ಗಾಡಿ ಬಂದು ಹಾರ್ನ್ ಹೊಡೆಯಿತು.

"ಇನ್ನೂ ಕನ್‌ಫ್ಯೂಸ್ಡ್ ಆಗೇ ಇದ್ದಾರಲ್ಲ ಸಿಸ್ಟರ್," ಅಂದರು ಡಾಕ್ಟರು. ಈಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ರಾತ್ರಿಯೆಲ್ಲ ನಾವು ತುಂಬಿಸಿದ ಔಷಧಿ ಇಳೀಬೇಕಲ್ಲ ಡಾಕ್ಟ್ರೇ. ಅಲರ್ಜಿದು, ಹೊಟ್ಟೆ ನುಲಿತದ್ದು, ಮಂಪರಿಂದು, ಮೂರೂ ನಿಲ್ಲಿಸಿ. ಒಂದು ದಿನ ಕೊಡಿ. ಮಗಳು ಒಳಗೇ ಇರ್ಲಿ. ಕೈ ಕಟ್ಟಲ್ಲ. ನಾನು ನೋಡ್ಕೋತೀನಿ."

"ಮತ್ತೆ ಎದ್ದು ಬಿದ್ರೆ?"

"ನಾನೇ ಜವಾಬ್ದಾರಿ."

ಅವರು ಮೂರೂ ಔಷಧಿಗಳ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿದರು. "ನಾಳೆ ಬೆಳಿಗ್ಗೆ ರೌಂಡ್ಸ್‌ವರೆಗೆ. ಆಗಲೂ ಹೀಗೇ ಇದ್ರೆ ನಾನೇನೂ ಮಾಡಕ್ಕಾಗಲ್ಲ, ಕಳಿಸ್ಲೇಬೇಕು." ಗಾಡಿ ಖಾಲಿ ಹೋಯಿತು.

ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆಸಿದೆ. ಮಗಳಿಂದ ಗುಟುಕು ಗುಟುಕಾಗಿ ನೀರು ಕುಡಿಸಿದೆ. ಮನೆಗೆ ಫೋನ್ ಮಾಡಿ ತಡವಾಗುತ್ತದೆ ಎಂದೆ. ನಮ್ಮ ಯಜಮಾನರು "ಇವತ್ತೂನಾ?" ಅಂದರು. ನಾಲ್ಕು ಗಂಟೆಯವರೆಗೂ ಅಜ್ಜಿ ತೆಪ್ಪಗಿದ್ದಳು. ಬಿಸಿಲು ಇಳಿಯುತ್ತಿದ್ದಂತೆ ಮತ್ತೆ ಶುರು. ಹಂಚು ಸುಡುತ್ತಿದೆ, ಮಂದಿ ಕಾಯುತ್ತಿದ್ದಾರೆ. ಮಗಳು ಹಿಡಿಯುವಷ್ಟರಲ್ಲಿ ಕ್ಯಾಥೆಟರಿಗೆ ಕೈ ಹಾಕಿ ಜಗ್ಗಿದಳು, ಚೀಲದಲ್ಲಿ ಎಳೆ ಎಳೆಯಾಗಿ ರಕ್ತ ಕಾಣಿಸಿತು. ಯಾವಾಗ ತೆಗೆದೆನೋ ತಿಳಿಯದು, ಬ್ಯಾಂಡೇಜಿನ ಸುರುಳಿ ನನ್ನ ಕೈಯಲ್ಲಿತ್ತು. ಮಗಳು ಅದನ್ನು ನೋಡಿದಳು. ತಾಯಿಯ ಕೈ ಮೇಲೆ ತನ್ನ ಕೈ ಮುಚ್ಚಿದಳು.

ಸುರುಳಿಯನ್ನು ಟ್ರೇಯಲ್ಲಿ ಇಟ್ಟೆ. ಆ ಕೈಗಳಿಗೆ ಕೆಲಸ ಬೇಕು, ಇಲ್ಲದಿದ್ದರೆ ಅವು ಟ್ಯೂಬನ್ನು ಬಿಡುವುದಿಲ್ಲ. "ಆಯಮ್ಮ, ಅಡುಗೆ ಮನೇಲಿ ಚಪಾತಿಗೆ ಕಲಸಿರ್ತಾರೆ. ಒಂದು ಉಂಡೆ ಈಸ್ಕೊಂಡು ಬಾ, ಒಂದು ಸ್ಟೀಲ್ ತಟ್ಟೆನೂ," ಅಂದೆ. ಆಯಮ್ಮ ನನಗೂ ತಲೆ ಕೆಟ್ಟಿತೇನೋ ಎಂಬಂತೆ ನೋಡಿ ಹೋದಳು.

ತಟ್ಟೆಯನ್ನು ಅಜ್ಜಿಯ ತೊಡೆಯ ಮೇಲಿಟ್ಟು ಹಿಟ್ಟಿನ ಉಂಡೆ ಕೈಗೆ ಕೊಟ್ಟೆ. ಗಾಳಿಯಲ್ಲಿ ಆಡುತ್ತಿದ್ದ ಕೈಗಳು ಉಂಡೆಯ ಮೇಲೆ ಇಳಿದವು. ಹೆಬ್ಬೆರಳಿಂದ ಒತ್ತಿದಳು. ತಟ್ಟಿದಳು. ಮತ್ತೆ ಒತ್ತಿದಳು. ಮೂಗಿನ ಹತ್ತಿರ ತಂದು ಮೂಸಿದಳು. ಹುಬ್ಬು ಗಂಟಾಯಿತು.

"ಇದ್ಯಾರು ನಾದ್ಯಾರ? ಇದು ಗೋಧಿ. ಗೋಧಿ ಬಡದ್ರ ರೊಟ್ಟಿ ಆಗ್ತದೇನು? ಇದಕ ಲಟ್ಟಣಿಗಿ ಬೇಕು."

ಮಗಳು ಅಳುತ್ತ ನಕ್ಕಳು. ಆಯಮ್ಮ ನಕ್ಕಳು. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳೇಕೆ ಹೇಳಲಿ. ಅಜ್ಜಿ ಮತ್ತೆ ಐದು ನಿಮಿಷಕ್ಕೆ ಎಲ್ಲಿಗೋ ಹೋದಳು, ಯಾರ ಹತ್ತಿರವೋ ಮಾತಾಡಿದಳು, ಆದರೆ ಕೈ ಹಿಟ್ಟನ್ನು ಬಿಡಲಿಲ್ಲ. ಟ್ಯೂಬಿನ ಗೊಡವೆಗೆ ಹೋಗಲಿಲ್ಲ. ಎಂಟು ಗಂಟೆಗೆ ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದನ್ನು ನೋಡಿ ನಾನು ಬಸ್ಸಿಗೆ ಹೊರಟೆ.

ಮರುದಿನ ರೌಂಡ್ಸಿನ ಹೊತ್ತಿಗೆ ಅಜ್ಜಿ ದಿಂಬಿಗೆ ಒರಗಿ ಕೂತಿದ್ದಳು. ಮಗಳು ತಲೆ ಬಾಚಿ ಗಂಟು ಹಾಕಿದ್ದಳು. ಡಾಕ್ಟರು ಮಂಚದ ಹತ್ತಿರ ಕೂತು, "ಅಜ್ಜಿ, ಇದು ಯಾವ ಜಾಗ ಹೇಳಿ ನೋಡೋಣ?" ಅಂದರು.

"ದವಾಖಾನಿ. ಮತ್ತೇನು ಮದಿವಿ ಮನಿಯೇನು?"

ಡಾಕ್ಟರು ಜೋರಾಗಿ ನಕ್ಕುಬಿಟ್ಟರು. ಇಂದು ಯಾವ ವಾರ ಎನ್ನುವುದನ್ನು ಅಜ್ಜಿ ತಪ್ಪು ಹೇಳಿದಳು. ಅದನ್ನು ನಾನೂ ತಪ್ಪೇ ಹೇಳುತ್ತಿದ್ದೆ, ಅಷ್ಟು ಡ್ಯೂಟಿ ಮಾಡಿದ್ದೆ. ಡಾಕ್ಟರು ಫೈಲಿನಿಂದ ಮೆಂಟಲ್ ಹಾಸ್ಪಿಟಲ್ಲಿನ ಕಾಗದ ತೆಗೆದು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡರು. ಕೇಸ್‌ಶೀಟಿನಲ್ಲಿ 'ಸೈಕೋಸಿಸ್' ಅನ್ನುವುದನ್ನು ಹೊಡೆದುಹಾಕಿ 'ಡೆಲಿರಿಯಂ' ಅಂತ ಬರೆದರು. ಮಗಳು ಏನು ಬರೆದರೆಂದು ಕೇಳಿದಳು. "ನೀನು ಹೇಳಿದ್ದೇ ಕಣಮ್ಮ. ಸನ್ನಿ," ಅಂದೆ.

ಡಿಸ್ಚಾರ್ಜು ಅದರ ಎರಡನೇ ದಿನ. ಬೆಳಿಗ್ಗೆ ಕ್ಯಾಥೆಟರ್ ತೆಗೆದಿದ್ದೆ. ಇನ್ನು ತಾನಾಗಿ ಮೂತ್ರ ಹೋಗಬೇಕು. ಹೋಗದಿದ್ದರೆ ಮತ್ತೆ ಟ್ಯೂಬು, ಮತ್ತೆ ಆಸ್ಪತ್ರೆ. ಹನ್ನೊಂದಾದರೂ ಏನೂ ಇಲ್ಲ. ನಾನು ಗಳಿಗೆಗೊಮ್ಮೆ ಹೋಗಿ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. ಅಜ್ಜಿ ನನ್ನ ಕೈ ಹಿಡಿದುಕೊಂಡಳು.

"ನೀನೇ ಅಲ್ಲೇನು ನನ್ನ ಕೈ ಕಟ್ಟಿದಾಕಿ?"

ಸನ್ನಿ ಹಿಡಿದವರಿಗೆ ಆಮೇಲೆ ಏನೂ ನೆನಪಿರುವುದಿಲ್ಲ ಅಂತ ನಾವೆಲ್ಲ ನಂಬಿಕೊಂಡಿದ್ದೆವು. ನಮಗೂ ಅದೇ ಬೇಕಾಗಿತ್ತು. "ಹೂಂ ಅಜ್ಜಿ. ನಾನೇ," ಅಂದೆ.

"ಒದರಿ ಒದರಿ ಹೇಳ್ದೆ, ಎಬ್ಬಸು ಅಂತ. ನೀ ನನ್ನ ಮಾರಿ ಸೈತ ನೋಡಲಿಲ್ಲ."

"ತಪ್ಪಾಯ್ತು ಅಜ್ಜಿ."

ಅವಳು ಮಣಿಕಟ್ಟಿನ ಕಲೆಯನ್ನು ಹೆಬ್ಬೆರಳಲ್ಲಿ ಸವರಿಕೊಂಡಳು. ಆಮೇಲೆ ನನ್ನ ಕೈಯಲ್ಲಿದ್ದ ಕೇಸ್‌ಶೀಟಿನ ಕಡೆ ಗದ್ದ ತೋರಿಸಿದಳು. "ಅದರಾಗ ನಾ ಆ ಹೆಣಮಗಳಿಗಿ ಹೊಡದಿದ್ದು ಬರದೀರೇನು?"

"ಬರೆದಿದೆ." ನಿಜ, ಬರೆದಿತ್ತು. ಪೇಷೆಂಟ್ ಆಯಾಳ ಮೇಲೆ ಕೈ ಮಾಡಿದರು, ಗಂಟೆ ಸಮೇತ.

"ನೀ ಕಟ್ಟಿದ್ದು?"

ಪುಟ ತಿರುವಿದೆ. ಗೊತ್ತಿದ್ದೂ ತಿರುವಿದೆ. ಕೈ ಕಟ್ಟಿದ್ದನ್ನು ನಮ್ಮಲ್ಲಿ ಯಾರೂ ಎಲ್ಲೂ ಬರೆಯುತ್ತಿರಲಿಲ್ಲ. ದಿಂಬು ಇಟ್ಟಿದ್ದನ್ನು ಬರೆಯುತ್ತೇವೆಯೇ, ಹಾಗೆ. "ಇಲ್ಲ ಅಜ್ಜಿ. ಬರೆದಿಲ್ಲ."

"ಬರಿ," ಅಂದಳು. ಸಿಟ್ಟಿರಲಿಲ್ಲ. ಉಪ್ಪು ಕಡಿಮೆಯಾಗಿದೆ, ಹಾಕು ಅಂದ ಹಾಗೆ ಅಂದಳು.

ಪೆನ್ನು ತೆಗೆದು ಬರೆದೆ. ಮೊದಲ ದಿನ ಸಂಜೆ ಐದೂಕಾಲಿನಿಂದ ಮರುದಿನ ಮಧ್ಯಾಹ್ನ ಒಂದು ಗಂಟೆಯವರೆಗೆ ಎರಡೂ ಕೈ ಕಟ್ಟಲಾಗಿತ್ತು, ಕಟ್ಟಿದವಳು ನಾನು. ಕೆಳಗೆ ಸಹಿ. ಆ ಟಿಕ್‌ಗೂ ಅಡ್ಡ ಗೆರೆ ಹೊಡೆದು, ನೋಡದೆ ಬರೆದದ್ದು ಅಂತ ಪಕ್ಕದಲ್ಲಿ ಸೇರಿಸಿದೆ. ಓದಿ ಹೇಳಿದೆ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ.

"ಯಾವ ಸಾಲು?"

ಅವಳ ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟೆ. ಅವಳು ಮೊದಲಿನಿಂದ ಕೊನೆಯವರೆಗೆ ಬೆರಳು ಎಳೆದು, ತಲೆಯಾಡಿಸಿದಳು.

"ಈಗ ಎಬ್ಬಸು ನನ್ನ."

ಒಂದು ಕಡೆ ನಾನು, ಇನ್ನೊಂದು ಕಡೆ ಮಗಳು. ಹೆಜ್ಜೆ ಹೆಜ್ಜೆಯಾಗಿ ಕಾರಿಡಾರಿನ ತುದಿಯ ಪಾಯಿಖಾನೆಯವರೆಗೆ ನಡೆಸಿದೆವು. ಮಗಳು ಒಳಗೆ ಹಿಡಿದು ನಿಂತಳು, ನಾನು ಬಾಗಿಲಿಗೆ ಕಿವಿಕೊಟ್ಟು ಹೊರಗೆ ನಿಂತೆ. ಬಹಳ ಹೊತ್ತು ಏನೂ ಇಲ್ಲ. ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ನಾನು ದೇವರನ್ನು ನೆನೆದೆ, ಈ ವಿಷಯಕ್ಕೆ ದೇವರನ್ನು ನೆನೆಯಬಹುದೋ ಇಲ್ಲವೋ ತಿಳಿಯದು.

"ಏ ತಂಗಿ, ಬಾಗಲದಾಗ ನಿಂತು ಏನು ಕೇಳ್ಲಾಕತ್ತಿ? ನಾಚ್ಕಿ ಇಲ್ಲೇನು? ಆಚಿ ಹೋಗು!"

"ಹೋಗಲ್ಲ ಅಜ್ಜಿ," ಅಂದೆ.

ಒಳಗಿಂದ ಒಂದು ಬೈಗುಳ ಬಂತು. ಅದರ ಹಿಂದೆಯೇ ಸದ್ದು ಬಂತು, ಮೊದಲು ತಡೆ ತಡೆದು, ಆಮೇಲೆ ಧಾರಾಳವಾಗಿ, ಬಹಳ ಹೊತ್ತು. ಕೇಸ್‌ಶೀಟನ್ನು ಕಾರಿಡಾರಿನ ಗೋಡೆಗೆ ಒತ್ತಿ ಹಿಡಿದು ಟಿಕ್ ಹಾಕಿದೆ. ಅದನ್ನು ಕಿವಿಯಾರೆ ಕೇಳಿ ಹಾಕಿದೆ.